ಮೇಷ್ಟ್ರು ಎಸೆದ ಸೋಪು

ಇವತ್ತು ಬೆಳಿಗ್ಗೆ ಅಂಗಡಿಯಲ್ಲಿ ಹೊಸ ಸೋಪಿನ ಬಾಕ್ಸ್ ಒಡೆದೆ. ಗಂಧದ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ನಮ್ಮ ಮೇಷ್ಟ್ರು ನೆನಪಾದರು... ಅವರು ತೀರಿಕೊಂಡು ಎರಡು ವರ್ಷ.

ನಮ್ಮ ಅತ್ತಿಗುಪ್ಪೆ ಅಂಗಡಿಯ ಹಿಂದಿನ ಬೀದಿಯಲ್ಲೇ ಅವರ ಮನೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳಿ ರಿಟೈರ್ ಆದವರು. ನಾನೋ ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಟ್ಟವನು. ನಮ್ಮಿಬ್ಬರ ಮಾತು ಕಾಫಿಪುಡಿ, ಅವರೆಕಾಯಿಯಿಂದ ಆಚೆ ಹೋದದ್ದಿಲ್ಲ.

ಒಂದು ದಿನ ನನ್ನ ಮೊಮ್ಮಗಳು ಗಲ್ಲಾಪೆಟ್ಟಿಗೆಯ ಪಕ್ಕ ಮುಖ ಊದಿಸಿಕೊಂಡು ಕೂತಿದ್ದಳು. ಡೈನಾಮಿಕ್ಸ್ ಪೇಪರಿನಲ್ಲಿ ಫೇಲಾಗಿದ್ದಳು. "ನಂಗಾಗಲ್ಲ ತಾತ, ಎಂಜಿನಿಯರಿಂಗೇ ಬಿಟ್ಬಿಡ್ತೀನಿ" ಎಂದು ಹಟ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. 

ಸೋಪು ಕೊಳ್ಳಲು ಬಂದ ಮೇಷ್ಟ್ರು ವಿಷಯ ಕೇಳಿದರು. ಸಮಾಧಾನ ಗಿಮಾಧಾನ ಏನೂ ಹೇಳಲಿಲ್ಲ. ಸೋಪಿನ ಡಬ್ಬಿಯನ್ನು ಲಟ್ಟಣಿಗೆಯ ಹಾಗೆ ಉರುಳುವಂತೆ ಮೇಲಕ್ಕೆ ಎಸೆದರು. ನೆಟ್ಟಗೆ ಸುತ್ತಿ ಕೈಗೆ ಬಂತು. ಮಲಗಿಸಿ ಚಕ್ರದ ಹಾಗೆ ತಿರುಗಿಸಿ ಎಸೆದರು, ಅದೂ ನೆಟ್ಟಗೆ. ಮೂರನೇ ಸಲ ಲಾಗ ಹೊಡೆಯುವಂತೆ ಎಸೆದರು ನೋಡಿ, ಗಾಳಿಯಲ್ಲೇ ಮಗ್ಗುಲು ಬದಲಿಸಿಬಿಟ್ಟಿತು!

"ಕೈ ಜಾರ್ತು ಸಾರ್" ಎಂದೆ.

"ನೀವೇ ಎಸೀರಿ, ನೋಡೋಣ."

ಎಸೆದೆ. ಮತ್ತೆ ಎಸೆದೆ. ಪ್ರತಿ ಸಲವೂ ಹಾಗೇ! ಹಾಲಿಗೆ ಬಂದವರೆಲ್ಲ ನಿಂತು ನೋಡತೊಡಗಿದರು. "ಏನ್ ಯಜಮಾನ್ರೇ, ಹಾರೋ ಸೋಪಾ? ಸ್ನಾನ ಮಾಡುವಾಗ ಕೈಗ್ ಸಿಗತ್ತಾ?" ಎಂದು ಹೂವಿನಾಕೆ ರೇಗಿಸಿದಳು. ಮೊಮ್ಮಗಳು ಫಕ್ಕನೆ ನಕ್ಕು, ಡಬ್ಬಿ ಕಿತ್ತುಕೊಂಡು ತಾನೇ ಎಸೆದಳು.

"ಯಾಕ್ ಸಾರ್ ಹಿಂಗೆ?"

"ಇದಕ್ಕೆ ತಿರುಗೋಕೆ ಮೂರು ಅಚ್ಚು ಕಣಮ್ಮ. ಉದ್ದಕ್ಕೂ ದಪ್ಪಕ್ಕೂ ನಡುವಿನದು ಅಗಲ, ಆ ಅಚ್ಚಿನಲ್ಲಿ ನೆಟ್ಟಗಿರಲ್ಲ. ಯಾಕೆ ಅಂತ ಹೇಳೋಕೆ ಒಂದು ಸೆಮಿಸ್ಟರ್ ಬೇಕು. ನಾಳೆ ಸಂಜೆ ಮನೆಗೆ ಬಾ."

ಹೋದಳು. ದಿನಾ ಹೋದಳು. ಎಲ್ಲ ತಳ್ಳಾಟ ಎಳೆದಾಟವನ್ನೂ ಬಿಡಿಬಿಡಿಯಾಗಿ ಲೆಕ್ಕ ಹಾಕದೆ, ಓಟದ ಶಕ್ತಿಯಲ್ಲಿ ಎತ್ತರದ ಶಕ್ತಿ ಕಳೆದು, ಅದರಿಂದಲೇ ವಸ್ತುವಿನ ದಾರಿ ಹುಡುಕುವ ಉಪಾಯವೂ ಇದೆಯಂತೆ. ಅದರ ಹೆಸರು ಲಗ್ರಾಂಜಿಯನ್! ಊಟಕ್ಕೆ ಕೂತಾಗ ಅವಳು ಅದನ್ನೆಲ್ಲ ಹೇಳುವಳು. ನನಗೆ ಅರ್ಧ ತಿಳಿಯದು, ಆದರೂ ಸಾರು ಆರಿಹೋಗುವ ತನಕ ಕೇಳುತ್ತಿದ್ದೆ. ಪೇಪರೂ ಪಾಸಾಯಿತು, ಓದೂ ಮುಂದುವರಿಯಿತು.

ಅದೇ ಹುಡುಗಿ ಈಗ ಕೆಂಗೇರಿ ಕಡೆಯ ಕಾಲೇಜಿನಲ್ಲಿ ಲೆಕ್ಚರರ್! ಇವತ್ತೇ ಮೊದಲ ದಿನ. ಮಧ್ಯಾಹ್ನ ಫೋನಿನಲ್ಲಿ ಕೂಗಿದಳು: "ತಾತಾ, ಮೊದಲ್ನೇ ಪಾಠಾನೇ ಡೈನಾಮಿಕ್ಸು! ಬೆಲ್ ಹೊಡೆದ್ರೂ ಒಬ್ರೂ ಏಳ್ಲಿಲ್ಲ!"

ಅಂಗಡಿಯ ಶಟರ್ ಎಳೆದು, ಮೈಸೂರುಪಾಕು ಕಟ್ಟಿಸಿಕೊಂಡು ಮೇಷ್ಟ್ರ ಮನೆಗೆ ಹೆಚ್ಚುಕಡಿಮೆ ಓಡಿದೆ. ಸುದ್ದಿ ಕೇಳಿ ಅವರ ಮನೆಯವರು, "ಅವ್ರಿದ್ದಿದ್ರೆ ಈಗ ಬೀದಿಯವರನ್ನೆಲ್ಲ ಕೂರಿಸ್ಕೊಂಡು ಪಾಠ ಶುರು ಮಾಡ್ಬಿಡೋರು" ಎಂದು ನಕ್ಕರು. ನಗುತ್ತಲೇ ಸೆರಗನ್ನು ಕಣ್ಣಿಗೊತ್ತಿಕೊಂಡರು...

ಕೊನೆಕೊನೆಗೆ ಮೇಷ್ಟ್ರಿಗೆ ಕಿವಿ ಮಂದವಾಗಿತ್ತು. ಏನು ಹೇಳಿದರೂ ಕೂಗಿ ಹೇಳಬೇಕಿತ್ತು. ಗೋಡೆಯ ಮೇಲಿನ ಫೋಟೋ ಕಡೆ ತಿರುಗಿ ಸುದ್ದಿಯನ್ನು ಇನ್ನೊಂದು ಸಲ ಹೇಳಿದೆ, ಗಟ್ಟಿಯಾಗಿ.