ಮಾಮ ಬೈಯುವುದನ್ನು ಬಿಟ್ಟ ವರ್ಷ

ಸಿರುಗುಪ್ಪದಿಂದ ಅತ್ತೆಯ ಫೋನ್ ಬಂದಾಗ ನಾನು ಬಳ್ಳಾರಿಯ ನಮ್ಮ ಪ್ರಯೋಗಾಲಯದಲ್ಲಿ ಮೂರು ದಿನದ ದುಡಿಮೆ ಹಾಳಾದದ್ದನ್ನು ನೋಡುತ್ತ ನಿಂತಿದ್ದೆ. ಅತ್ತೆ ನನ್ನ ಯೋಗಕ್ಷೇಮ ಕೇಳಲಿಲ್ಲ. "ಯವ್ವಾ, ನಿಮ್ಮ ಮಾಮಾ ಇವತ್ತೂ ಯಾರಿಗೂ ಬೈಲಿಲ್ಲ," ಎಂದವರೇ ಅಳತೊಡಗಿದರು.

ಮಾಮ ನನ್ನ ತಾಯಿಯ ಅಣ್ಣ. ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಹಮಾಲರ ಮೇಸ್ತ್ರಿಯಾಗಿದ್ದವರು. ಗಿರಣಿಯ ಸದ್ದನ್ನು ಮೀರಿ ಕೇಳಿಸಬೇಕಾದ ಗಂಟಲು ಅವರದು. ಲಾರಿ ತಡವಾಗಿ ಬಂದರೆ ತಡವಾದದ್ದಕ್ಕೆ ಬೈಯುತ್ತಿದ್ದರು, ಬೇಗ ಬಂದರೆ ಇಷ್ಟು ಬೇಗ ಬಂದು ಏನು ಕಡಿದು ಕಟ್ಟೆ ಹಾಕಬೇಕಿತ್ತು ಎಂದು ಬೈಯುತ್ತಿದ್ದರು. ಬೈಗುಳ ಕನ್ನಡದಲ್ಲಿ ಶುರುವಾಗಿ, ತೆಲುಗಿನಲ್ಲಿ ಏರಿ, ಉರ್ದುವಿನಲ್ಲಿ ಇಳಿಯುತ್ತಿತ್ತು. ಮೊದಲ ಮಾತು ಮಾತ್ರ ಯಾವಾಗಲೂ ಒಂದೇ: "ನಿನ್ನ ಹೆಣಾ ಎತ್ಲಿ!" ನಮ್ಮ ಕಡೆ ಇದೇನು ದೊಡ್ಡ ಮಾತಲ್ಲ, ಎಡವಿದ ಕಲ್ಲಿಗೂ ಅನ್ನುತ್ತಾರೆ. ಮಾಮ ಇದನ್ನು ನಮಸ್ಕಾರದ ಜಾಗದಲ್ಲಿ ಬಳಸುತ್ತಿದ್ದರು. ಮನೆಯೊಳಗೆ ಮಾತ್ರ ಅವರಿಗೆ ಬೈಯುವ ಅಧಿಕಾರವಿರಲಿಲ್ಲ. ಅದು ಅತ್ತೆಯ ಇಲಾಖೆ.

ಇಂಥ ಮಾಮನ ಹೃದಯ ಕೈಕೊಟ್ಟಿತು. ನಾಲ್ಕು ಹೆಜ್ಜೆ ನಡೆದರೆ ಉಬ್ಬಸ, ಕಾಲೆಲ್ಲ ಬಾವು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹೆಸರು ಬರೆಸಿ, ತಿಂಗಳುಗಟ್ಟಲೆ ಕಾದು, ಕೊನೆಗೆ ಅಪಘಾತದಲ್ಲಿ ತೀರಿಕೊಂಡ ಯಾರದೋ ಹೃದಯ ಸಿಕ್ಕಿತು. ಯಾರು, ಯಾವ ಊರು ಎಂದು ಹೇಳುವಂತಿಲ್ಲವಂತೆ. ವಾರ್ಡಿನಲ್ಲಿ ಯಾರೋ ಬಾಯಿತಪ್ಪಿ ಅಂದದ್ದು ಇಷ್ಟೇ: ಹರೆಯದ ಹೃದಯ.

ಹೊಸ ಹೃದಯ ಕೂಡಿಸಿದ ಮೇಲೆ ಅದನ್ನು ಮೈ ಒಪ್ಪಬೇಕು. ಒಪ್ಪದಿದ್ದರೆ ಹೊರಗಿನವನು ಮನೆ ಹೊಕ್ಕ ಎಂದು ಮೈಯೇ ಅದರ ಮೇಲೆ ಏರಿ ಹೋಗುತ್ತದೆ. ಹಾಗಾಗದಿರಲೆಂದು ಬೆಳಿಗ್ಗೆ ಸಂಜೆ ತಪ್ಪದೆ ಮಾತ್ರೆ. ಏನೇ ಬದಲಾವಣೆ ಕಂಡರೂ ತಿಳಿಸಿ ಎಂದು ವೈದ್ಯರು ಅತ್ತೆಗೆ ಹೇಳಿದ್ದರು. ಅತ್ತೆ ಕಂಡ ಬದಲಾವಣೆ ಇದು.

"ಹಾಲಿನವ ನೀರ ಹಾಕಿ ತಂದ್ರ 'ಇರ್ಲಿ ಬಿಡಪ್ಪಾ' ಅಂದ್ರು. ಕಂಡಕ್ಟರ್‌ಗೆ 'ದೇವರಂಥಾ ಮನುಷ್ಯಾ' ಅಂದ್ರು! ನನ್ನ ಗಂಡ ಹಿಂಗಿಲ್ಲವಾ. ಒಳಗ ಏನೋ ಕೆಟ್ಟೈತಿ. ನೀ ಹೃದಯದ ಸಂಶೋಧನಾ ಮಾಡಾಕಿ, ಬಂದು ನೋಡು."

ಇಲ್ಲೊಂದು ತಪ್ಪು ತಿಳಿವಳಿಕೆ ಇತ್ತು. ನನ್ನ ಸಂಶೋಧನೆ ಹೃದಯ ಕಸಿಗೆ ಸಂಬಂಧಪಟ್ಟದ್ದು ನಿಜ, ಆದರೆ ನಾನು ಇವತ್ತಿನವರೆಗೆ ಒಂದು ಹೃದಯವನ್ನೂ ಕಣ್ಣಾರೆ ಕಂಡವಳಲ್ಲ. ನಮ್ಮ ಜೀವಕೋಶಗಳ ಮೇಲೆ ಗುರುತಿನ ಚೀಟಿಯಂಥ ಪ್ರೋಟೀನುಗಳಿರುತ್ತವೆ. ಅವನ್ನು ನೋಡಿಯೇ ಮೈ ತನ್ನದು, ಪರರದು ಎಂದು ತೀರ್ಮಾನಿಸುವುದು. ಅಂಥದೊಂದು ಪ್ರೋಟೀನಿನ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅವಕ್ಕೆ ಹೊಟ್ಟೆತುಂಬ ಉಣ್ಣಿಸಿ, ಅವುಗಳ ಕೈಯಲ್ಲೇ ಅದನ್ನು ಮಾಡಿಸುವುದು ನನ್ನ ಕೆಲಸ. ಕಸಿಯಾದವರ ರಕ್ತ ಇಂಥ ಪ್ರೋಟೀನಿಗೆ ಹೋಗಿ ಅಂಟಿಕೊಂಡರೆ, ಮೈ ಹೊಸ ಹೃದಯದ ಮೇಲೆ ಕತ್ತಿ ಮಸೆಯುತ್ತಿದೆ ಎಂದರ್ಥ. ಹೇಳಲು ಸುಲಭ. ಬ್ಯಾಕ್ಟೀರಿಯಾ ಅದನ್ನು ಒಡೆದ ಹಾಲಿನ ಹಾಗೆ ಗಂಟುಗಂಟಾಗಿ ಕೊಡುತ್ತವೆ. ಗಂಟು ಕರಗಿಸಿ, ಪ್ರೋಟೀನು ಮತ್ತೆ ಸರಿಯಾಗಿ ಮಡಚಿಕೊಳ್ಳುವವರೆಗೆ ಕಾಯಬೇಕು. ವಿಧಾನದ ಹಾಳೆಯಲ್ಲಿ 'ಕೋಣೆಯ ಉಷ್ಣತೆಯಲ್ಲಿ ಇಡಿ' ಎಂದಿತ್ತು. ಬರೆದವರ ಕೋಣೆ ಬಳ್ಳಾರಿಯಲ್ಲಿರಲಿಲ್ಲ. ಆ ದಿನ ಎ.ಸಿ. ಕೆಟ್ಟು ನನ್ನ ಮೂರು ದಿನದ ಪ್ರೋಟೀನು ಬೆಂದ ಮೊಟ್ಟೆಯಾಗಿತ್ತು. ಹಿಂದೊಮ್ಮೆ ನನ್ನ ಈ ಕೆಲಸವನ್ನು ವಿವರಿಸಿದಾಗ ಅತ್ತೆಯ ನೆರೆಮನೆಯವರು, ತಮ್ಮ ಮಗನಿಗೆ ಮೈ ಬರಲು ಒಂದು ಡಬ್ಬಿ ಕೊಡು ಎಂದು ಕೇಳಿದ್ದರು.

ಆದರೂ ಅತ್ತೆಯ ಭಯ ನನಗೂ ಅಂಟಿತು. ಆಸ್ಪತ್ರೆಗೆ ಫೋನ್ ಮಾಡಿದೆ. ರಕ್ತ ಪ್ರೋಟೀನಿಗೆ ಅಂಟುತ್ತದೋ ಎಂಬ ಇದೇ ಪರೀಕ್ಷೆ ಮಾಡೋಣ, ಬಳ್ಳಾರಿಯಲ್ಲಿ ರಕ್ತ ಕೊಡಲಿ, ವರದಿ ನಿಮ್ಮ ಫೋನಿಗೆ ಬರುತ್ತದೆ ಅಂದರು. ಮಾಮ ಮಾಸ್ಕ್ ಹಾಕಿಕೊಂಡು ಬಂದರು. ರಕ್ತ ತೆಗೆಯುವವನಿಗೆ ನರ ಸಿಗಲಿಲ್ಲ, ಮೂರು ಸಲ ಚುಚ್ಚಿದ. ಹಳೆಯ ಮಾಮನಾಗಿದ್ದರೆ ಆ ಸೂಜಿ ಎಲ್ಲಿಗೆ ಹೋಗುತ್ತಿತ್ತೋ! "ಸಾವಕಾಶ ಮಾಡಪ್ಪಾ, ನನ್ನ ನರಾನ ಸುಮಾರದಾವ," ಅಂದರು.

ಅಲ್ಲಿಂದ ಕೌಲ್ ಬಜಾರಿನ ಓಣಿಯಲ್ಲಿ ಬರುವಾಗ ಆಟೋ ಒಂದು ಮಾಮನ ಚಪ್ಪಲಿಯ ತುದಿಯ ಮೇಲೆಯೇ ಹಾದುಹೋಯಿತು. ಓಡಿಸುತ್ತಿದ್ದವನು ತಲೆ ಹೊರಹಾಕಿ, "ಕಣ್ಣ ಮನ್ಯಾಗಿಟ್ಟು ಬಂದೀಯೇನ್ ಮುದುಕಾ?" ಎಂದು ಕೂಗಿದ. ನನಗೂ ತಾಯಿಯ ಕಡೆಯ ನಾಲಿಗೆಯೇ ಬಂದಿದೆ. ಬಾಯಿ ತೆರೆದೆ. ಮಾಮ ನನ್ನ ಮೊಣಕೈ ಹಿಡಿದು, "ತಪ್ಪು ನಂದ ಐತಪ್ಪಾ, ಹುಷಾರಾಗಿ ಹೋಗು," ಎಂದು ಆಟೋದವನಿಗೆ ಕೈಮುಗಿದರು. ನಾನು ತೆರೆದ ಬಾಯಿ ಮುಚ್ಚಿಕೊಂಡೆ.

ನಾನು ಒಂದು ಸಿದ್ಧಾಂತ ಕಟ್ಟಿದೆ. ಕಸಿಯಲ್ಲಿ ಮಿದುಳಿನಿಂದ ಹೃದಯಕ್ಕೆ ಬರುವ ನರಗಳು ಕಡಿದುಹೋಗಿರುತ್ತವೆ, ಹಾಗಾಗಿ ಸಿಟ್ಟು ಬಂದ ಕೂಡಲೇ ಎದೆ ಹೊಡೆದುಕೊಳ್ಳುವುದಿಲ್ಲ. ಎದೆ ಹೊಡೆದುಕೊಳ್ಳದೆ ಮಾಮ ಬೈಯುವುದಾದರೂ ಹೇಗೆ? ಅತ್ತೆಗೆ ಇದನ್ನು ಫೋನಿನಲ್ಲಿ ಹೇಳಿದೆ. "ನಿನ್ನ ಸಾಲಿ ಕಲ್ತಿದ್ದು ಸಾಕು. ರಿಪೋರ್ಟ್ ಬಂತೇನು?" ಅಂದರು. ಬಂದಿರಲಿಲ್ಲ.

ಮೂರನೆಯ ದಿನ ಕುರುಗೋಡಿನಲ್ಲಿ ಮಾಮನ ಹೊಲದ ಅಳತೆ ಇತ್ತು. ಪಕ್ಕದ ಹೊಲ ಅವರ ದಾಯಾದಿಯದು. ಅವನು ವರ್ಷಕ್ಕೊಂದು ಗೇಣು ಬದು ತಿನ್ನುತ್ತ ಬಂದವನು. ಕಾವಲಿಗೆಂದು ಅತ್ತೆ ನನ್ನನ್ನು ಜೊತೆಗೆ ಕಳಿಸಿದರು. ಹೋಗಿ ನೋಡಿದರೆ ಗಡಿಕಲ್ಲು ಮತ್ತೆ ಜಾಗ ಬದಲಿಸಿತ್ತು. ದಾಯಾದಿ ಹಲ್ಲು ಕಿರಿದು, "ಮಳಿಗೆ ಜಾರೈತಿ ಅಣ್ಣಾ," ಅಂದ.

ಮಾಮ ನಿಧಾನವಾಗಿ ಮಾಸ್ಕ್ ಕೆಳಗಿಳಿಸಿದರು.

"ಲೇ ಖೋಡಿ! ಕಲ್ಲಿಗೇನ್ ಕಾಲ ಬಂದಾವೇನಲೇ? ಜಾರೂದು ಜಾರೈತಿ, ಒಮ್ಮೆರ ನಿನ್ನ ಹೊಲದ ಕಡೆ ಯಾಕ ಜಾರಿಲ್ಲ? ನಿಮ್ಮಪ್ಪ ಹಿಂಗ ತಿಂದ, ನೀ ಹಿಂಗ ತಿಂತಿ, ಮಣ್ಣ ತಿಂದು ತಿಂದು ನಿನ್ನ ಮಾರೀನ ಬದುವಿನಂಗ ಆಗೈತಲ್ಲೋ!"

ಅದು ಶುರು ಅಷ್ಟೇ. ತೆಲುಗಿಗೆ ಏರಿತು, ಉರ್ದುವಿಗೆ ಇಳಿಯಿತು, ಉಸಿರು ತೆಗೆದುಕೊಂಡು ಮತ್ತೆ ಏರಿತು. ಅಳೆಯಲು ಬಂದ ಸರ್ವೇಯರ್ ಸರಪಳಿ ಕೆಳಗಿಟ್ಟು, ಬದುವಿನ ಮೇಲೆ ಆರಾಮಾಗಿ ಕೂತು ಕೇಳಿದ. ಮೆಣಸಿನಕಾಯಿ ಬಿಡಿಸುತ್ತಿದ್ದ ಹೆಂಗಸರು ಕೆಲಸ ಬಿಟ್ಟು ಬಂದರು. ದಾಯಾದಿ ತಾನೇ ಕಲ್ಲು ಎತ್ತಿ ಹಿಂದಿನ ಜಾಗದಲ್ಲಿಟ್ಟ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಅತ್ತೆಗೆ ಫೋನ್ ಹಚ್ಚಿ, ಮಾತಾಡದೆ ಹಾಗೇ ಎತ್ತಿ ಹಿಡಿದೆ. ಆ ಕಡೆಯಿಂದ "ಶಿವನೇ, ಶಿವನೇ" ಎಂಬ ಬಿಕ್ಕು ಕೇಳಿಸಿತು. ಒಂದು ಮಾತ್ರ ನನಗೆ ವಿಚಿತ್ರವೆನಿಸಿತು: ಅಷ್ಟು ಬೈಗುಳದಲ್ಲಿ ಮಾಮನ ಆ ಮೊದಲ ಮಾತು ಒಮ್ಮೆಯೂ ಬರಲಿಲ್ಲ.

ಬೇವಿನ ನೆರಳಿಗೆ ಬಂದು ಮಾಮ ನೀರು ಕುಡಿದರು. ನಾನು ತಡೆಯಲಾರದೆ ಕೇಳಿದೆ: "ಮಾಮಾ, ಇವಗ ಇಷ್ಟು ಬೈತೀರಿ. ಮತ್ತ ಆ ಆಟೋದವಗ ಯಾಕ ಕೈ ಮುಗದ್ರಿ?"

"ಇವನ ಮನಿ ನನಗ ಗೊತ್ತೈತಿ. ಇವನ ಬೀಗರು, ಬೀಗರ ಬೀಗರು ಎಲ್ಲಾ ಗೊತ್ತು. ಕತ್ತರಿಸಿದ ಉಗುರು ಸೈತ ಕೊಡೂ ಮಂದಿ ಅಲ್ಲ ಅವರು, ಹೃದಯ ಎಲ್ಲಿಂದ ಕೊಡ್ತಾರ?" ಮಾಮ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತರು. "ಆಟೋದವನ ಮನಿ ಗೊತ್ತಿಲ್ಲ. ರಕ್ತ ತಗದವನ ಮನಿ ಗೊತ್ತಿಲ್ಲ. ಹಾಲಿನವನ ತಂಗೀನ ಬೆಂಗಳೂರಿಗೆ ಕೊಟ್ಟಾರ." ಮಾಮ ಎದೆಯ ಮೇಲೆ ಕೈಯಿಟ್ಟುಕೊಂಡರು. "ಯಾರ ಮನಿ ಕೂಸೋ ಏನೋ ಇದು? ಹೆಣ್ಣು ಕೊಟ್ಟವರಿಗೇ ನಾವು ಎದುರು ಮಾತಾಡಂಗಿಲ್ಲ. ಇವರೊಳಗ ಯಾರೋ ಇದನ್ನ ಕೊಟ್ಟಾರ."

ಮಾಮ ಮುಚ್ಚಳ ಬಿಗಿದು ಬಾಟಲಿ ಬದಿಗಿಟ್ಟರು.

"ಹೃದಯ ಸಿಕ್ತು ಅಂತ ಸುದ್ದಿ ಬಂದ ದಿನ ನಿಮ್ಮತ್ತಿ ಓಣಿಗೆಲ್ಲಾ ಪೇಡೆ ಹಂಚಿದ್ಲು. ಅವತ್ತ ಅವರ ಮನ್ಯಾಗ ಒಲಿ ಹಚ್ಚಿಲ್ಲ. ನಾ ಜನಮ ಪೂರ್ತಿ ಎಲ್ಲಾರಿಗೂ ಹೆಣಾ ಎತ್ಲಿ, ಹೆಣಾ ಎತ್ಲಿ ಅಂದೆ. ಅವರು ಖರೇನ ಎತ್ಯಾರವಾ. ಇನ್ನ ಆ ಮಾತು ನನ್ನ ಬಾಯಾಗ ಬರಂಗಿಲ್ಲ."

ನನ್ನ ಸಿದ್ಧಾಂತದ ಬಗ್ಗೆ ನನಗೇ ನಾಚಿಕೆಯಾಯಿತು.

ಕುರುಗೋಡಿನ ಬಸ್ ನಿಲ್ದಾಣದಲ್ಲಿ ಕಾಯುವಾಗ ವರದಿ ಬಂತು. ಎರಡು ಸಲ ಓದಿದೆ. ಮಾಮನ ರಕ್ತ ಯಾವ ಪ್ರೋಟೀನಿಗೂ ಅಂಟಿರಲಿಲ್ಲ.

"ಮಾಮಾ, ಜಗಳ ಇಲ್ಲ. ನಿಮ್ಮ ಮೈ ಅದನ್ನ ಒಪ್ಪಿಕೊಂಡೈತಿ."

ಕುಣಿಯುತ್ತಾರೆಂದುಕೊಂಡಿದ್ದೆ. ಮಾಮ ನನ್ನ ಮುಖವನ್ನೇ ನೋಡಿದರು. "ಕೂಸು ನನ್ನ ಹತ್ರ ಚಲೋ ಐತಿ ಅಂತ ಅದರವ್ವಗ ಯಾರು ಹೇಳ್ಬೇಕು?"

ಮಾಮ ಎದ್ದುಹೋಗಿ ನಿಲ್ದಾಣದಲ್ಲಿದ್ದವರಿಗೆ ಒಬ್ಬೊಬ್ಬರಿಗೇ ಹೇಳತೊಡಗಿದರು. ಕಂಡಕ್ಟರ್‌ಗೆ, ಶೇಂಗಾ ಮಾರುವವನಿಗೆ, ಕಾಲೇಜಿನ ಹುಡುಗಿಯರಿಗೆ. "ಕೂಸು ಆರಾಮ ಐತ್ರಿ. ಏನೂ ಚಿಂತಿ ಮಾಡಬ್ಯಾಡ್ರಿ." ಹುಡುಗಿಯರು ಕಿಸಕ್ಕನೆ ನಕ್ಕರು. ಬದನೆಕಾಯಿ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದ ಅಜ್ಜಿಯೊಬ್ಬಳು ಮಾತ್ರ ತಲೆಯೆತ್ತಿ ನೋಡಿದಳು. ಕೂಸೆಂದರೆ ಇವರ ಮೊಮ್ಮಗನೋ ಯಾರೋ ಎಂದುಕೊಂಡಿರಬೇಕು.

"ಚಲೋ ಆತಪ್ಪಾ," ಅಂದಳು. "ಜ್ವಾಕಿ ಮಾಡು ಅದನ್ನ."

"ಮಾಡ್ತೀನವ್ವಾ," ಅಂದ ಮಾಮ ಅವಳ ಕಾಲು ಮುಟ್ಟಿ, ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟರು.