ಮಾವಿನ ಅಂಚಿನ ಫೈಲಿಗೆ ಬೀಗ ಬಿದ್ದಾಗ

ಹಳೇ ಕಂಪ್ಯೂಟರಿಗೆ ಹೊಸ ಡಿಸ್ಕ್ ಹಾಕಲು ಹೊರಟಿದ್ದೀರಾ? ಸ್ಕ್ರೂಡ್ರೈವರ್ ಕೆಳಗಿಡಿ, ಇದನ್ನು ಓದಿದ ಮೇಲೆ ಕೈ ಹಾಕುವಿರಂತೆ.

ಎರಡು ವರ್ಷದ ಹಿಂದಿನ ಮಾತು. ತಮಿಳುನಾಡಿನ ತೇನಿಯಲ್ಲಿ ನನ್ನದೊಂದು ಪುಟ್ಟ ಕಂಪ್ಯೂಟರ್ ರಿಪೇರಿ ಅಂಗಡಿ. ಕಲಿತದ್ದೆಲ್ಲ ವಿಡಿಯೋ ನೋಡಿ, ಬಿಚ್ಚಿ, ಕೆಡಿಸಿ. ಚಿನ್ನಾಳಪಟ್ಟಿಯಲ್ಲಿ ಸೀರೆ ನೇಯುವ ಸರೋಜಕ್ಕ, ಕಂಪ್ಯೂಟರ್ ತೀರಾ ನಿಧಾನವಾಗಿದೆ ಅಂತ ಕರೆಸಿದರು. ಅವರ ಮಗ್ಗದ ಮೇಲೆ ಎಲೆಕ್ಟ್ರಾನಿಕ್ ಜಕಾರ್ಡ್ ಇದೆ. ಪೆನ್ ಡ್ರೈವಿನ ಚಿತ್ರ ಓದಿ ಯಾವ ಎಳೆ ಮೇಲೇಳಬೇಕೆಂದು ನಿರ್ಧರಿಸುವ ಯಂತ್ರ ಅದು. ಆ ಚಿತ್ರ ಬರೆಯಲು ಒಂದು ಡಿಸೈನ್ ಸಾಫ್ಟ್‌ವೇರ್.

ಹೊಸ ಡಿಸ್ಕ್ ಹಾಕಿ, ಫೈಲುಗಳನ್ನು ತುಂಬಿ, ಹಳೆಯದನ್ನು ಪೂರ್ತಿ ಅಳಿಸಿ ಮೀಸೆ ತಿರುವಿದೆ. ಸಾಫ್ಟ್‌ವೇರ್ ತೆರೆಯಲೇ ಇಲ್ಲ. ಅದರ ಲೈಸೆನ್ಸ್ ಹಳೇ ಡಿಸ್ಕಿಗೆ ಕಟ್ಟಿಕೊಂಡಿತ್ತು! ಕಂಪನಿಗೆ ಫೋನ್ ಮಾಡಿದರೆ ಆ ಆವೃತ್ತಿ ನಿಂತಿದೆ, ಈಗ ವರ್ಷದ ಚಂದಾ ಮಾತ್ರ, ಹೊಸದರಲ್ಲಿ ಹಳೇ ಫೈಲು ತೆರೆಯುವ ಖಾತ್ರಿ ಇಲ್ಲ ಎಂದರು.

“ಸಾಫ್ಟ್‌ವೇರ್ ಡಬ್ಬಿ ನಮ್ಮನೇಲಿ ಐತೆ, ಬಿಲ್ಲೂ ಐತೆ. ಆದ್ರೂ ಅದು ನಮ್ದಲ್ವಾ ತಂಬಿ?” ನನ್ನನ್ನು ತಮಿಳಿನಲ್ಲಿ ತಮ್ಮ ಎಂದೇ ಕರೆಯುವ ಸರೋಜಕ್ಕ ಕೇಳಿದರು.

ನೀವು ಕೊಂಡದ್ದು ಬಳಸುವ ಅನುಮತಿ ಮಾತ್ರ ಅಂತ ವಿವರಿಸಿದೆ.

“ಅಂದ್ರೆ ನಾನೂ ಸೀರೆ ಮಾರಿ, ಬೀರು ಬದಲಾಯಿಸಿದ್ರೆ ಮಡಿಕೆ ಬಿಚ್ಚಲ್ಲ ಅನ್ಬೋದು.”

ನಗು ಬಂತು, ನಗುವ ಹೊತ್ತಲ್ಲ. ಒಂದು ಮದುವೆ ಮನೆಗೆ ಅಕ್ಕನ ಮಾವಿನ ಅಂಚಿನ ಆರು ಸೀರೆ ಹೋಗಬೇಕಿತ್ತು. ಆ ಅಂಚಿನ ಫೈಲು ತೆರೆಯದ ಸಾಫ್ಟ್‌ವೇರಿನೊಳಗೆ ಸಿಕ್ಕಿಬಿದ್ದಿತ್ತು, ಪೆನ್ ಡ್ರೈವಿನಲ್ಲಿ ಇದ್ದದ್ದು ಬೇರೆ ಡಿಸೈನ್. ತಪ್ಪಿದರೆ ಮೂರು ತಲೆಮಾರಿನ ಗಿರಾಕಿ ಪಕ್ಕದ ಬೀದಿಯ ನೇಕಾರರ ಹತ್ತಿರ ಹೋಗುತ್ತಿದ್ದರು, ನನ್ನಿಂದಾಗಿ.

ಆಗ ಅಕ್ಕನ ಅತ್ತೆ ಎದ್ದು ದೇವರ ಗೂಡಿನಿಂದ ಬಟ್ಟೆ ತುಂಡುಗಳ ಒಂದು ಗಂಟು ತಂದರು. ಯಾವ ಹೊಸ ಡಿಸೈನಾದರೂ ಮೊದಲು ಒಂದು ಗೇಣು ನೇಯ್ದು ದೇವರ ಮುಂದಿಡುವುದು ಆ ಮನೆಯ ಪದ್ಧತಿಯಂತೆ.

“ಫೈಲ್ ಹೋದ್ರೆ ಬಟ್ಟೆ ಐತಲ್ಲ. ನಾನು ಎಣಿಸ್ತೀನಿ, ನೀನು ಬರ್ಕೋ,” ಎಂದು ಮಾವಿನ ಅಂಚಿನ ತುಂಡು ಆರಿಸಿ ಭೂತಗನ್ನಡಿ ಹಿಡಿದರು.

ಅಂಚಿನ ಅಗಲಕ್ಕೆ ನೂರ ತೊಂಬತ್ತೆರಡು ಎಳೆ. ಅತ್ತೆ ಎಣಿಸಿ ಹೇಳಿದಂತೆ ನಾನು ಒಂದು ಉಚಿತ ಚಿತ್ರದ ಪ್ರೋಗ್ರಾಮಿನಲ್ಲಿ ಎಳೆಗೊಂದು ಚುಕ್ಕಿ ಇಟ್ಟೆ. ಸಾಮಾನ್ಯ ಬಿಎಂಪಿ ಚಿತ್ರವನ್ನೂ ಜಕಾರ್ಡ್ ಓದುತ್ತದೆ. ನಡುವೆ ಕಣ್ತಪ್ಪಿ ನಾಲ್ಕು ಸಾಲು ಬಿಟ್ಟಿದ್ದೆ. ಮಗ್ಗದಿಂದ ಬಂದದ್ದನ್ನು ನೋಡಿ ಅತ್ತೆ ಕೇಳಿದರು, “ಮದುವೆಗೆ ಬದನೆಕಾಯಾ ತಂಬಿ?”

ಬಿಟ್ಟ ಸಾಲು ಸೇರಿಸಿದ ಮೇಲೆ ಮಾರನೇ ದಿನ ಮಾವಿನಕಾಯಿ ಸರಿಯಾಗಿ ಮೂಡಿತು. ಆರೂ ಸೀರೆ ಮದುವೆಗೆ ಎರಡು ದಿನ ಮೊದಲೇ ಹೋದವು.

ಈಗ ಯಾರ ಕಂಪ್ಯೂಟರ್ ಮುಟ್ಟುವ ಮೊದಲೂ ನನ್ನದು ಒಂದೇ ಪ್ರಶ್ನೆ: ಈ ಸಾಫ್ಟ್‌ವೇರ್ ನಾಳೆ ನಿಂತರೆ ನಿಮ್ಮ ಕೆಲಸ ಬೇರೆ ಎಲ್ಲಿ ತೆರೆಯುತ್ತದೆ? ಉತ್ತರ ಸಿಗುವವರೆಗೆ ಹಳೇ ಡಿಸ್ಕನ್ನು ಅಳಿಸುವುದಿಲ್ಲ. ದುಡ್ಡು ಕೊಟ್ಟು ತಂದ ಯಾವುದಾದರೂ ಹೀಗೆ ನಿಮ್ಮ ಮುಂದೆಯೇ ಬೀಗ ಹಾಕಿಕೊಂಡಿದ್ದರೆ, ಏನು ಮಾಡಿದಿರಿ ಅಂತ ಬರೆದು ತಿಳಿಸಿ. ನಾನಿನ್ನೂ ಕಲಿಯುತ್ತಿದ್ದೇನೆ.