ಯಾವ ದೇವರಿಗೆ ಮುಡಿ?

“ಯಾವ ದೇವ್ರಿಗೆ ಮುಡಿ ಕೊಟ್ಟೆ ಕಣೇ?”

ನಿಟ್ಟೂರಿನ ಶಾಲೆಯೊಂದರ ಐದನೇ ತರಗತಿಯಲ್ಲಿ ಹುಡುಗಿಯೊಬ್ಬಳು ನನ್ನ ಮೊಮ್ಮಗಳನ್ನು ಹೀಗೆ ಕೇಳಿಬಿಟ್ಟಾಗ ಮೇಷ್ಟ್ರು ಬೆಚ್ಚಿಬಿದ್ದರು. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು, ಬಹಳ ತಿಂಗಳ ನಂತರ ಅವಳು ಶಾಲೆಗೆ ಮರಳಿದ ದಿನವದು. ಔಷಧದಿಂದ ಉದುರಿದ ಕೂದಲು ಇನ್ನೂ ಬೆಳೆದಿರಲಿಲ್ಲ.

ಕಾಯಿಲೆಯ ಮಾತೆತ್ತಿದರೆ ಮಗು ನೊಂದುಕೊಳ್ಳುತ್ತದೆ ಎಂದು ಬಂಧುಗಳೆಲ್ಲ ಹೇಳಿದ್ದರಿಂದ, ಯಾರೂ ಏನನ್ನೂ ಕೇಳಕೂಡದೆಂದು ಮೇಷ್ಟ್ರು ತರಗತಿಗೆ ಮೊದಲೇ ತಾಕೀತು ಮಾಡಿದ್ದರು. ಎಲ್ಲರೂ ಹೇಳುತ್ತಾರೆಂಬ ಕಾರಣಕ್ಕೆ ಯಾವುದನ್ನೂ ಒಪ್ಪುವ ಅಭ್ಯಾಸ ನನಗಿಲ್ಲ. ಕಣ್ಣಾರೆ ನೋಡೋಣವೆಂದು ಬಾಗಿಲ ಬಳಿಯೇ ನಿಂತೆ. ಮಕ್ಕಳು ಆ ಅಪ್ಪಣೆಯನ್ನು ಎಷ್ಟು ಶ್ರದ್ಧೆಯಿಂದ ಪಾಲಿಸಿದರೆಂದರೆ, ಅವಳೊಡನೆ ಒಬ್ಬರೂ ಮಾತನ್ನೇ ಆಡಲಿಲ್ಲ. ಬೆಂಚಿನ ತುದಿಯಲ್ಲಿ ಕುಳಿತಿದ್ದವಳು ಎದ್ದು, “ಮನೆಗೋಗಣ ತಾತ, ನಾನಿನ್ನು ಬರಲ್ಲ” ಎಂದಳು. ಚೀಲ ಎತ್ತಿಕೊಳ್ಳಲು ಬಗ್ಗಿದಾಗ ತಲೆಯ ಮೇಲಿನ ಟೋಪಿ ಜಾರಿತು. ಪಕ್ಕದ ಹುಡುಗಿಯ ಪ್ರಶ್ನೆ ಬಂದದ್ದು ಆಗಲೇ.

ಮೊಮ್ಮಗಳು ಅವಳನ್ನೇ ನೋಡಿ, “ದೇವ್ರಿಗಲ್ಲ ಕಣೇ, ಇಂಜೆಕ್ಷನ್‌ಗೆ ಹೋಯ್ತು” ಎಂದಳು.

“ಅಯ್ಯೋ! ನಾನು ತಿರುಪ್ತೀಲಿ ಕೊಟ್ಟಾಗ ಲಾಡಾದ್ರೂ ಸಿಕ್ತು. ನಿಂಗೇನ್ ಸಿಕ್ತು?”

“ಕಹಿ ಮಾತ್ರೆ!”

ತರಗತಿಯೆಲ್ಲ ನಕ್ಕಿತು, ಎಲ್ಲರಿಗಿಂತ ಜೋರಾಗಿ ಮೊಮ್ಮಗಳೇ ನಕ್ಕಳು. ಪ್ರಶ್ನೆ ಕೇಳಿದವಳು ಸರಿದು ಜಾಗ ಕೊಟ್ಟಳು. ಬಾಗಿಲಲ್ಲಿದ್ದ ನನ್ನತ್ತ ಮೊಮ್ಮಗಳು ಕೈಬೀಸಿದಳು: “ನೀನ್ ಹೋಗು ತಾತ, ಸಾಯಂಕಾಲ ಬಾ.”

ಮರುದಿನ ಟೋಪಿ ಮನೆಯ ಗೂಟದಲ್ಲೇ ಉಳಿಯಿತು. ಮಕ್ಕಳು ಕೇಳಬಾರದೆಂದು ನಾವು ಹಿರಿಯರು ಅಷ್ಟು ಖಚಿತವಾಗಿ ತೀರ್ಮಾನಿಸಿದ್ದು ಯಾವ ಮಗುವನ್ನು ಕೇಳಿ?